ಸಾಲಿನ ಮೇಲೊಂದು ಬೆರಳು

ಊರ ಕೆರೆ ಕಟ್ಟಿಸಿದ್ದು ರಾಜನಲ್ಲ, ಒಬ್ಬ ಹೂವಾಡಗಿತ್ತಿ ಎಂಬುದು ಸುಗುಣಳ ಪಿಎಚ್.ಡಿ. ವಾದ. ರಾಜನೇ ಎಂದು ಪುಸ್ತಕ ಬರೆದು ಹೆಸರಾದವರೇ ಅವಳ ಮೌಖಿಕ ಪರೀಕ್ಷೆಗೆ ಬಂದು ಕೂತಿದ್ದರು.

"ಶಾಸನದಲ್ಲಿ ಕಟ್ಟಿಸಿದೋರ ಹೆಸರಿರೋ ಸಾಲು ಓದಮ್ಮ."

"ಕಲ್ಲು ಕಳೆದುಹೋಗಿದೆ ಸಾರ್. ಅದನ್ನ ಅಚ್ಚು ಹಾಕಿದ್ದ ಪುಸ್ತಕ ಗೆದ್ದಲು ತಿಂದಿದೆ. ನೆಟ್ಟಲ್ಲಿ ಪುಕ್ಕಟೆ ಸಿಗೋ ಸ್ಕ್ಯಾನ್ ಒಂದೇ ಉಳಿದಿರೋದು."

"ಅದನ್ನೇ ಓದು."

"ಆ ಸಾಲಿನ ಮೇಲೇ ಸ್ಕ್ಯಾನ್ ಮಾಡಿದೋರ ಬೆರಳು ಕೂತಿದೆ ಸಾರ್."

ಗೋಡೆಯ ಪರದೆಯ ಮೇಲೆ ಒಡೆದ ಹವಳದುಂಗುರ ತೊಟ್ಟ ದಪ್ಪ ಬೆರಳೊಂದು ಮೂಡಿತು.

"ಬೆರಳು ತೋರಿಸಿ ಡಾಕ್ಟರ್ ಆಗ್ತೀಯಾ? ಆಧಾರ ಇಲ್ದಿದ್ರೆ ಮನೆಗೆ ಹೋಗು!" ಪರೀಕ್ಷಕರು ಮೇಜು ಕುಟ್ಟಿದರು.

ಸುಗುಣ ಪರದೆ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಅವರ ಕೈ ನೋಡಿದಳು.

"ಆ ಒಡೆದ ಹವಳ ಇನ್ನೂ ಬದಲಾಯಿಸಿಲ್ವಾ ಸಾರ್?"