ವನಜ ನೆಟ್ಟ ಕರಿಬೇವು

ಇದನ್ನು ಗ್ರೂಪಿಗೆ ಹಾಕಬೇಕೋ ಬೇಡವೋ ಎಂದು ಎಷ್ಟೋ ಸಲ ಟೈಪ್ ಮಾಡಿ ಅಳಿಸಿದೆ... ಕೊನೆಗೂ ಕಳಿಸುತ್ತಿದ್ದೇನೆ. ನಾನು ಮಾಡಿದ್ದು ಸರಿಯೇ ಎಂದು ಓದಿದ ಮೇಲೆ ನೀವೇ ಹೇಳಿ.

ನಾನು ಬೆಂಗಳೂರಿನ ಮತ್ತಿಕೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಚಿಟ್ಟೆಗಳ ಬಗ್ಗೆ ದೊಡ್ಡ ಜ್ಞಾನವೇನೂ ಇಲ್ಲ.

ಆದರೂ ತಿಂಗಳಿಗೊಂದು ಭಾನುವಾರ ಚಿಟ್ಟೆ ಎಣಿಸುವ ಸ್ವಯಂಸೇವಕರ ಜೊತೆ ಹೋಗುತ್ತೇನೆ. ಯಾವ ಬೀದಿಯಲ್ಲಿ ಯಾವ ಚಿಟ್ಟೆ ಕಂಡಿತು ಎಂದು ಫೋಟೋ ಸಮೇತ ಆ್ಯಪ್‌ಗೆ ಹಾಕುವುದು ನಮ್ಮ ಕೆಲಸ.

ತಂಡ ನಡೆಸುವ ಫಿಲೋಮಿನಾ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು... "ನಾವು ಎಣಿಸೋರು ಅಷ್ಟೇ. ಯಾರ ಮನೆ ಗಿಡದ ಬಗ್ಗೆಯೂ ಉಪದೇಶ ಮಾಡ್ಲಿಕ್ಕೆ ಹೋಗ್ಬೇಡಿ. ಆಮೇಲೆ ಗೇಟೇ ತೆಗೆಯೋದಿಲ್ಲ."

ನನಗೆ ಕೊಟ್ಟ ಬೀದಿಯಲ್ಲಿ, ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಪಂಕಜಮ್ಮ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು.

"ಬಾರಮ್ಮ, ಚಿಟ್ಟೆ ಲೆಕ್ಕದವಳೇ. ಕೂಡೋದು ಕಳೆಯೋದು ಬರುತ್ತೆ ತಾನೆ?" ಎನ್ನುತ್ತಾ ಟೆರೇಸಿಗೆ ಕರೆದುಕೊಂಡು ಹೋದರು.

ಅಲ್ಲೊಂದು ದೊಡ್ಡ ಕುಂಡದಲ್ಲಿ ಕರಿಬೇವಿನ ಗಿಡ. ಒಂದೇ ಒಂದು ಎಲೆಯಲ್ಲೂ ತೂತಿಲ್ಲ... ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

"ನನ್ನ ತಂಗಿ ವನಜ ನೆಟ್ಟಿದ್ದು. ನಾವಿಬ್ರೂ ಮದುವೆ ಆಗ್ಲಿಲ್ಲ, ಕೊನೇವರೆಗೂ ಜೊತೆಗೇ ಇದ್ವಿ. ಅವಳು ಹೋಗಿ ಎರಡು ವರ್ಷ ಆಯ್ತು."

ಒಂದು ಎಲೆಯನ್ನು ತಿರುಗಿಸಿ ನೋಡುತ್ತಾ ಮತ್ತೆ ಹೇಳಿದರು...

"ಅವಳಿದ್ದಾಗ ಕಾಫಿ ಹೊತ್ತಿಗೆ ಒಂದು ಕಪ್ಪು ಚಿಟ್ಟೆ ಬರ್ತಿತ್ತು. ರೆಕ್ಕೆ ಮೇಲೆ ಬಿಳಿ ಪಟ್ಟೆ. 'ಅಕ್ಕಾ, ಸತ್ತ ಮೇಲೆ ನಾನು ಇದೇ ಆಗಿ ಬರ್ತೀನಿ, ಆಗ್ಲಾದ್ರೂ ಬೈಬೇಡ' ಅಂತಿದ್ಲು. ಬರಲೇ ಇಲ್ಲ ನೋಡು. ದಿನಾ ಕಾಯ್ತೀನಿ. ನಿಮ್ಮ ಲೆಕ್ಕದಲ್ಲಿ ಎಲ್ಲಾದ್ರೂ ಸಿಕ್ಕಿದ್ರೆ ಹೇಳ್ತೀಯಾ?"

ಮಾತಾಡುತ್ತಿದ್ದರೂ ಅವರ ಕೈ ಸುಮ್ಮನಿರಲಿಲ್ಲ. ಹಳೆಯ ಟೂತ್‌ಬ್ರಶ್ಶನ್ನು ಸೋಪಿನ ನೀರಿನಲ್ಲಿ ಅದ್ದಿ, ಎಲೆ ತಿರುಗಿಸಿ ಏನನ್ನೋ ಉಜ್ಜಿ ತೆಗೆಯುತ್ತಿದ್ದರು. ಹಕ್ಕಿಯ ಹಿಕ್ಕೆಯಂಥ ಒಂದು ಪುಟ್ಟ ಹುಳ.

"ದರಿದ್ರ ಹುಳ. ವನಜಂಗೆ ಇದರ ಯೋಚನೆಯೇ ಇರ್ಲಿಲ್ಲ, ಗಿಡ ಪೂರ್ತಿ ತಿನ್ನಿಸ್ತಿದ್ಲು. ಎಷ್ಟು ಬೈದಿದ್ದೀನಿ ಗೊತ್ತಾ. ಈಗ ಅವಳ ನೆನಪು ಅಂತ ಇರೋದು ಇದೊಂದೇ... ಒಂದು ಎಲೆನೂ ಹಾಳಾಗೋಕೆ ಬಿಡಲ್ಲ."

ನಾನು ಬಗ್ಗಿ ಆ ಹುಳವನ್ನು ಹತ್ತಿರದಿಂದ ನೋಡಿದೆ.

ಆ ಹುಳವೇ ಆ ಕಪ್ಪು ಚಿಟ್ಟೆಯ ಮರಿ... ಕರಿಬೇವಿನ ಎಲೆ ತಿಂದೇ ಅದು ಬೆಳೆಯಬೇಕು.

ಹೇಳಲೇ? ಹೇಳಿದರೆ ಈ ಎರಡು ವರ್ಷ ತಮ್ಮ ಕೈಯಿಂದ ಏನಾಯಿತೆಂದು ಅವರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ನಾಳೆಯೂ ಅದೇ ಬ್ರಶ್. ಅಲ್ಲದೆ, ನನಗೆ ತಿಳಿದಿದ್ದೇ ತಪ್ಪಾಗಿದ್ದರೆ?

ಆ್ಯಪ್‌ನಲ್ಲಿ ಸೊನ್ನೆ ಎಂದು ಹಾಕಿ ಕೆಳಗಿಳಿದು ಬಂದೆ.

ಫಿಲೋಮಿನಾ ಮೇಡಂಗೆ ಫೋನ್ ಮಾಡಿದೆ. "ಹೌದು, ಅದರದ್ದೇ ಹುಳ. ಆದ್ರೆ ಹೇಳ್ಬೇಡ ಮಾರಾಯ್ತಿ. ಆ ಹೆಂಗಸಿಗೆ ಉಳಿದಿರೋದೇ ಆ ಗಿಡ" ಎಂದರು.

ಆ ವಾರವಿಡೀ ಕೆಲಸದ ಮೇಲೆ ಗಮನವೇ ಇರಲಿಲ್ಲ. "ಏನಮ್ಮಾ, ಬರೀ ಆಧಾರ್ ಹಿಂಭಾಗವನ್ನೇ ಹೊಡೀತಾ ಇದ್ದೀಯ. ನನ್ನ ಮುಖ ಅಷ್ಟೊಂದು ಕೆಟ್ಟದಾಗಿದ್ಯಾ?" ಎಂದು ಅಂಗಡಿಗೆ ಬಂದ ಒಬ್ಬರು ಕೇಳಿಯೇಬಿಟ್ಟರು.

ಕೊನೆಗೆ ತಡೆಯಲಾಗದೆ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಅವರ ಕೈಯಲ್ಲಿ ಮತ್ತೆ ಅದೇ ಬ್ರಶ್.

"ಟೀಚರ್... ಆ ಹುಳನ ಹಾಗೇ ಬಿಟ್ರೆ ಏನಾಗುತ್ತೆ ಗೊತ್ತಾ?"

"ಏನಾಗುತ್ತೆ? ಗಿಡ ಬೋಳಾಗುತ್ತೆ."

"ಆಮೇಲೆ?"

ಮೊಬೈಲಿನಲ್ಲಿದ್ದ ಚಿತ್ರಗಳನ್ನು ತೋರಿಸಿದೆ. ಹಿಕ್ಕೆಯಂಥ ಹುಳ... ಅದೇ ಬೆಳೆದು ಹಸಿರು ಹುಳ... ಗೂಡು... ಬಿಳಿ ಪಟ್ಟೆಯ ಕಪ್ಪು ಚಿಟ್ಟೆ.

ಅವರು ಕೊನೆಯ ಚಿತ್ರದಿಂದ ಮೊದಲನೆಯದಕ್ಕೆ ಹೋದರು. ಮತ್ತೆ ಮೊದಲಿಂದ ಕೊನೆಗೆ ಬಂದರು... ಉತ್ತರ ತಾಳೆ ನೋಡುವವರ ಹಾಗೆ.

ಬ್ರಶ್ ಕೈಯಿಂದ ಜಾರಿ ಸೋಪಿನ ನೀರಿನ ಮಗ್ಗಿನೊಳಗೆ ಬಿತ್ತು.

"ಅವಳು ಬರ್ತಾನೇ ಇದ್ಲು... ನಾನೇ..."

"ತಪ್ಪಾಯ್ತು ಟೀಚರ್, ನಾನು ಹೇಳ್ಬಾರದಿತ್ತು."

"ನೀನೀಗ ಹೋಗಮ್ಮ" ಎಂದರು, ನನ್ನ ಮುಖ ನೋಡದೆ.

ಮೆಟ್ಟಿಲಿಳಿಯುವಾಗ ನನಗೆ ಅಳು ತಡೆಯಲಾಗಲಿಲ್ಲ. ಫಿಲೋಮಿನಾ ಮೇಡಂ ಮಾತು ಕೇಳಬೇಕಿತ್ತು ಅನ್ನಿಸಿತು... ಕೇಳದಿದ್ದದ್ದೇ ಸರಿ ಎಂದೂ ಅನ್ನಿಸಿತು.

ಮುಂದಿನ ತಿಂಗಳ ಎಣಿಕೆಯ ದಿನ ಆ ಮನೆ ಬಂದಾಗ ತಲೆ ತಗ್ಗಿಸಿ ದಾಟುತ್ತಿದ್ದೆ. ಮೇಲಿನಿಂದ ದನಿ ಕೇಳಿಸಿತು.

"ಏಯ್ ಚಿಟ್ಟೆ ಲೆಕ್ಕದವಳೇ, ನಮ್ಮನೆ ಬಿಟ್ಟು ಲೆಕ್ಕ ಮಾಡಿದ್ರೆ ಉತ್ತರ ತಪ್ಪಾಗಲ್ವಾ?"

ಓಡಿಕೊಂಡು ಮೇಲೆ ಹೋದೆ. ಗಿಡ ಹೆಚ್ಚುಕಡಿಮೆ ಬೋಳು... ಬರೀ ಕಡ್ಡಿಗಳು. ಪಕ್ಕದ ಕಟ್ಟೆಯ ಮೇಲೆ ತರಕಾರಿ ಗಾಡಿಯಿಂದ ತಂದ ಒಂದು ಕಟ್ಟು ಕರಿಬೇವು.

"ಮನೇಲಿ ಗಿಡ ಇಟ್ಕೊಂಡು ಸಾರಿಗೆ ಗಾಡಿಯಿಂದ ತರ್ತೀನಿ. ವನಜ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ಲು."

ಒಂದು ಕಡ್ಡಿಯಲ್ಲಿ ಒಡೆದ ಗೂಡು. ಅದರ ಮೇಲೆ ರೆಕ್ಕೆ ಒಣಗಿಸಿಕೊಳ್ಳುತ್ತಾ ಕುಳಿತಿತ್ತು... ಬಿಳಿ ಪಟ್ಟೆಯ ಕಪ್ಪು ಚಿಟ್ಟೆ.

ಮೊಬೈಲ್ ತೆಗೆಯುವಷ್ಟರಲ್ಲಿ ಹಾರಿತು. ಪಂಕಜಮ್ಮನ ತಲೆಯ ಮೇಲೆ ಒಂದು ಸುತ್ತು ಹಾಕಿ ಎದುರಿನ ಅಪಾರ್ಟ್‌ಮೆಂಟಿನ ಕಡೆ ಹೋಯಿತು. ಅವಸರದಲ್ಲಿ ತೆಗೆದ ಫೋಟೋ ಪೂರ್ತಿ ಮಸುಕು.

"ಟೀಚರ್, ಫೋಟೋ ಸರಿ ಬರ್ಲಿಲ್ಲ. ಆ್ಯಪ್‌ನಲ್ಲಿ ಹೆಸರು ಹಾಕೋಕಾಗಲ್ಲ."

"ನಿನಗಾಗದಿದ್ರೆ ಬಿಡು. ಹೆಸರು ನನಗೆ ಗೊತ್ತು."

ಸೆರಗಿನಿಂದ ಕಣ್ಣೊರೆಸಿಕೊಂಡು ಗಿಡದ ಮುಂದೆ ಬಗ್ಗಿದರು. ಉಳಿದಿದ್ದ ಎಲೆಯೊಂದನ್ನು ಹಸಿರು ಹುಳವೊಂದು ಮೇಯುತ್ತಿತ್ತು.

"ತಿನ್ನೇ, ತಿನ್ನು... ಈ ಸಲ ಬೈಯಲ್ಲ."

ಆ ಎರಡು ವರ್ಷದ ಸಂಕಟವನ್ನು ಅವರ ತಲೆಗೆ ಹಾಕಿದವಳು ನಾನೇ. ಚಿಟ್ಟೆ ಹಾರಿದ ಆ ಬೆಳಿಗ್ಗೆಯನ್ನು ಕೊಟ್ಟವಳೂ ನಾನೇ ಇರಬಹುದು. ಯಾವುದು ಹೆಚ್ಚು ಎಂದು ಇಂದಿಗೂ ಗೊತ್ತಾಗಿಲ್ಲ...

ಹಾಳಾಗದಂತೆ ಕಾಪಾಡುವ ಭರದಲ್ಲಿ, ನಾವು ಕಾಯುತ್ತಿರುವುದನ್ನೇ ಕೆಲವೊಮ್ಮೆ ಕೈಯಾರೆ ಉಜ್ಜಿ ತೆಗೆದುಬಿಡುತ್ತೇವೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಬ್ರಶ್ ಇದೆಯೇ... ಒಮ್ಮೆ ನೋಡಿಕೊಳ್ಳುತ್ತೀರಾ?