ಮಾಸ್ತರರ ಕೌದಿ

ಕಿರಣಕುಮಾರ ತಾಯಿಯ ಕೈಯಿಂದ ಸೂಜಿ ಕಿತ್ತುಕೊಂಡ.

"ಯಾರಿಗೆ ಹೊಲಿಯಾಕತ್ತಿ ಗೊತ್ತದೇನಬೇ ಯವ್ವಾ? ಶರಣಯ್ಯ ಮಾಸ್ತರಗ!"

"ಅಂಗಡಿ ಚೀಟಿ ಓದಿ ಹೇಳಿದವ ನೀನೇ. ಸೂಜಿ ಕೊಡು."

ರಾಯಚೂರಿನ ಮುಷರ್ರಫ್ ಅಂಗಡಿಯಲ್ಲಿ ಕೈಕೆಲಸದ ಉಡುಗೊರೆ ಮಾರುತ್ತಾರೆ. ಮಾಸ್ತರರ ಮಗಳು ಶಕ್ತಿನಗರದಲ್ಲಿದ್ದಾಳೆ; ದೇವದುರ್ಗದಲ್ಲಿರುವ ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅರಿವೆ ತುಂಡು ಜೋಡಿಸಿ ಹೊಲಿದ ಕೌದಿ ಆರಿಸಿದ್ದಳು. ಅಂಗಡಿಗೆ ಕೌದಿ ಹೊಲಿಯುವವಳು ಕಲ್ಮಲದ ವೆಂಕಮ್ಮ. ಮನೆಗೆ ಮುಟ್ಟಿಸುವವನು ಅವಳ ಮಗ.

ಮಾಸ್ತರ ಕಲ್ಮಲದ ಶಾಲೆಯಿಂದ ವರ್ಗವಾಗಿ ಹೊರಟಾಗ ಕಿರಣ ನಾಲ್ಕನೇ ತರಗತಿ. ಎಲ್ಲರ ಮನೆಯಿಂದಲೂ ಏನಾದರೊಂದು ಬಂದಿತ್ತು. ವೆಂಕಮ್ಮ ಜೋಳದ ರೊಟ್ಟಿ ಬಡಿದು, ಮಡಿ ಬಟ್ಟೆಯಲ್ಲಿ ಕಟ್ಟಿ ಒಯ್ದಿದ್ದಳು.

"ನಿಮ್ಮ ಕೇರಿ ರೊಟ್ಟಿ ನನಗ್ಯಾಕ?" ಎಂದ ಮಾಸ್ತರ ಗಂಟನ್ನು ಕೋಲಿನಿಂದ ತಳ್ಳಿದ. ನಾಯಿಗಳು ತಿಂದವು. ಹುಡುಗರು ನಕ್ಕರು. ಆ ನಗು ಕಿರಣನ ಕಿವಿಯಿಂದ ಇನ್ನೂ ಹೋಗಿಲ್ಲ.

ಈಗ ಅವನನ್ನು ಇನ್ನಷ್ಟು ಉರಿಸಿದ್ದು ಬುಟ್ಟಿಯಲ್ಲಿದ್ದ ಒಂದು ಒಣ ರೊಟ್ಟಿ. ಕೈ ಹಾಕಿದರೆ ವೆಂಕಮ್ಮ ತಡೆದಳು.

"ಮುಟ್ಟಬ್ಯಾಡ. ಅದು ಮಾಸ್ತರಗ."

"ಮತ್ತ ರೊಟ್ಟಿ ಕೊಡ್ತೀಯಾ? ನಾಚಿಕಿ ಇಲ್ಲೇನು ನಿನಗ?"

"ಆವಾಗ ಕೈಯಾಗ ಕೊಡಾಕ ಹೋಗಿದ್ದೆ. ಅದು ತಪ್ಪಾತು."

ಮರುದಿನ ಅವಳು ಕೊಟ್ಟಿದ್ದು ಕೌದಿಯೊಂದೇ. ಬುಟ್ಟಿ ಖಾಲಿ. ಕಡೆಗೂ ಬುದ್ಧಿ ಬಂದು ತಾನೇ ತಿಂದಿರಬೇಕು ಎಂದುಕೊಂಡ.

ದೇವದುರ್ಗದಲ್ಲಿ ಮಾಸ್ತರ ಅವನ ಗುರುತು ಹಿಡಿಯಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ಸಹಿ ಹಾಕಿಕೊಟ್ಟ. ಕೌದಿಯನ್ನು ಕುತ್ತಿಗೆವರೆಗೂ ಹೊದ್ದು ಮಗಳಿಗೆ ವಿಡಿಯೋ ಕಾಲ್ ಹಚ್ಚಿದ. ಒಂದೊಂದೇ ಮೂಲೆ ಒತ್ತಿ ನೋಡಿದ. ಮುಖ ಅರಳಿತು.

"ಖರೇ ಕೌದಿ ಕಳಿಸೀಯವ್ವಾ! ಮೂಲಿ ಗಟ್ಟಿ ಅವ ನೋಡು. ಹೊಲಿಯೋ ಹೆಣ್ಮಗಳು ತನ್ನ ಮನಿ ರೊಟ್ಟಿ ಮುರಿದು ಮೂಲಿಗಿ ಇಟ್ಟಿರ್ತಾಳ. ಕೌದಿ ಹಸಿದಿರಬಾರದು ಅಂತ. ಹೊಚ್ಚಿಕೊಂಡವ ಆಕಿ ಅನ್ನ ಉಂಡಂಗ."

ಹಾಸ್ಟೆಲಿನಲ್ಲಿ ಬೆಳೆದ ಕಿರಣನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಖಾಲಿ ಬುಟ್ಟಿ ಕಣ್ಣ ಮುಂದೆ ಬಂತು.

"ಯಾರ ಕೈಯಪ್ಪಾ ಇದು?" ಮಾಸ್ತರ ಕಿರಣನತ್ತ ತಿರುಗಿ ಕೇಳಿದ. "ಆ ತಾಯಿಗಿ ನನ್ನ ಶರಣು ಹೇಳು."

ಮಗಳು ಮೊಬೈಲಿನಲ್ಲಿ ನೋಡುತ್ತಲೇ ಇದ್ದಳು. ಕಿರಣ ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಕಲ್ಮಲದ ವೆಂಕಮ್ಮರೀ. ಈ ಸಲ ಆಕಿ ರೊಟ್ಟಿ ನಾಯಿಗಿ ಸಿಗಲಿಲ್ಲ ನೋಡ್ರಿ, ಮಾಸ್ತರ."