ಎಲ್ಲಿಗೆ ತಿಪ್ಪಕ್ಕ?

ತಿಪ್ಪಮ್ಮನಿಗೆ ನಾಮನಿರ್ದೇಶಿತ ಪ್ರತಿನಿಧಿ ಇರಲಿಲ್ಲ. ದಾವಣಗೆರೆಯ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಡಾಕ್ಟರ್ ಸುಧಾ ಫಾರಂನ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಾಗ ಅಣ್ಣ ಉಜ್ಜನಪ್ಪ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.

"ಸೇರಿಸ್ಕಳ್ರಿ ಮೇಡಂ. ಹರಿಹರ ಕೋರ್ಟಿನ ಆರ್ಡರ್ ಐತೆ. ದಿನಾ ಪುಕ್ಕಟೆ ಬಸ್ ಹತ್ತಿ ನಂದಿಗುಡಿಯಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಬಸ್ ತುಂಬ ಸೋಬಾನೆ ಹಾಡ್ತಾಳೆ. ಭಾನುವಾರ ನನ್ನ ಮಗಳು ಬಿಂದೂನ ನೋಡಾಕ ಗಂಡಿನೋರು ಬರ್ತಾರೆ. ಅದು ಮುಗಿಯೋ ತನಕ ಇಟ್ಕಳ್ರಿ, ಸಾಕು."

"ಪರೀಕ್ಷೆ ಮಾಡಿ ಅಂದಿದೆ ಕೋರ್ಟು. ಭಾನುವಾರ ಅನ್ನೋದು ಕಾಯಿಲೆ ಅಲ್ಲ," ಎಂದರು ಡಾಕ್ಟರ್. "ತಿಪ್ಪಮ್ಮ, ನಿಮ್ಮ ಪರವಾಗಿ ನಿಲ್ಲೋರನ್ನ ನೀವೇ ಆರಿಸ್ಬೇಕು. ಅಣ್ಣನೇ ಆಗ್ಬೇಕಂತಿಲ್ಲ. ಯಾರು?"

"ಬರ್ತಾನೆ ತಾಳವ್ವ, ಓಡ್ಕೊಂತ ಬರ್ತಾನೆ," ತಿಪ್ಪಮ್ಮ ಕುರ್ಚಿಯಲ್ಲೇ ಕುಣಿದಳು.

ಬಂದೇ ಬಂದ. ಅವಳು ಬಂದಿಳಿದ ಬಸ್ಸಿನ ಕಂಡಕ್ಟರ್ ನಿಂಗರಾಜ್, ಬೆವರು ಸುರಿಸುತ್ತ. "ತಿಪ್ಪಕ್ಕ, ಟಿಕೆಟ್ ಮಷಿನ್ ಕೊಡು! ಬಸ್ಸಿನಾಗ ನಲವತ್ತು ಮಂದಿ ಕುಂತು ನನ್ನ ವಂಶಾನೇ ಬೈತಾ ಅದಾರೆ!"

ಇಳಿಯುವಾಗ ಎತ್ತಿಕೊಂಡಿದ್ದ ಮಷಿನ್ನನ್ನು ತಿಪ್ಪಮ್ಮ ಚೀಲದಿಂದ ತೆಗೆದು, ಗುಂಡಿ ಒತ್ತಿ, ಡಾಕ್ಟರಿಗೊಂದು ಹೆಂಗಸರ ಪುಕ್ಕಟೆ ಟಿಕೆಟ್ ಹರಿದುಕೊಟ್ಟಳು. "ಇವನೇ ನನ್ನ ಪ್ರತಿನಿಧಿ. ಸೈನ್ ಹಾಕಪ್ಪ, ಮಷಿನ್ ತಗ."

"ಕಂಡಕ್ಟರ್‌ನಾ? ಒಡಹುಟ್ಟಿದೋನು ನಾನು!" ಉಜ್ಜನಪ್ಪ ಕೂಗಿದ.

"ದಿನಾ ನನ್ನ 'ಎಲ್ಲಿಗೆ' ಅಂತ ಕೇಳೋನು ಇವನೊಬ್ಬನೇ. ನೀನು ಯಾವತ್ತು ಕೇಳೀಯ? ಬರೀ ಕಳಿಸ್ತೀಯ."

ಅವಳು ಹೆಬ್ಬೆಟ್ಟು ಒತ್ತಿದಳು. ನಿಂಗರಾಜ್ ಉಜ್ಜನಪ್ಪನ ಕೈಯಿಂದ ಪೆನ್ನು ಎಳೆದುಕೊಂಡು ಸಹಿ ಹಾಕಿದ. "ಈಗ ನಾನೇನು ಮಾಡ್ಬೇಕ್ರಿ ಮೇಡಂ?"

"ಈ ಅಬ್ಬರ ಇಳಿಯೋಕೆ ಔಷಧಿ ಬೇಕು. ಇಲ್ಲಿದ್ದು ತಗೊಳ್ತಾರೋ, ಮನೇಲೋ, ಅವರನ್ನೇ ಕೇಳಿ."

ನಿಂಗರಾಜ್‌ಗೆ ಬರುತ್ತಿದ್ದದ್ದು ಒಂದೇ ಪ್ರಶ್ನೆ. "ಎಲ್ಲಿಗೆ ತಿಪ್ಪಕ್ಕ?"

ಅವತ್ತು ಮೊದಲ ಸಲ ತಿಪ್ಪಮ್ಮ ಅಲುಗಾಡದೆ ಕೂತಳು. "ಇಲ್ಲೇ ಇಳಿಸಪ್ಪ. ನಿದ್ದೆ ಕಂಡು ನಾಕು ದಿನ ಆತು." ಮರುಕ್ಷಣವೇ ನಕ್ಕಳು. "ಶನಿವಾರ ಬಂದು ಹತ್ತಿಸ್ಕ ಮತ್ತ. ಭಾನುವಾರ ಗಂಡಿನೋರ ಮುಂದೆ ಸೋಬಾನೆ ಹೇಳೋರು ಯಾರು?"

ಉಜ್ಜನಪ್ಪ ಪೆನ್ನಿಗಾಗಿ ಕೈ ಚಾಚಿದ. ಯಾರೂ ಅವನತ್ತ ನೋಡಲಿಲ್ಲ. ನಿಂಗರಾಜ್ ಅಭ್ಯಾಸದಂತೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಮಷಿನ್ ಜೊತೆ ಓಟ ಕಿತ್ತ.

ಅವತ್ತು ನಂದಿಗುಡಿ ಬಸ್ಸು ಕಳೆದುಕೊಂಡದ್ದು ಮೂವತ್ತೈದು ನಿಮಿಷ. ಉಜ್ಜನಪ್ಪ, ಒಂದು ಪೆನ್ನು.